‘ಆಂಟಿ, ಬೆಸ್ಟ್ ಲೈನರ್ ಯಾವುದು?’ ಎಂದು ಕೇಳುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಆಂಟಿ ಅಲ್ಲ. ಮಡಿಕೇರಿಯಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗು ಬಾಡಿಗೆಗೆ ಕೊಡುವವಳು. ಅಕ್ಕ ಅನ್ನಿ, ಮೇಡಂ ಅನ್ನಿ, ಇಲ್ಲವೇ ಏನೂ ಅನ್ನದೆ ಸುಮ್ನೆ ವಿಷಯಕ್ಕೆ ಬನ್ನಿ. ಮನೆಯ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ಬ್ಯಾಗು ನೇತಾಡುತ್ತಿವೆ. ಒಂದೊಂದರ ಜೊತೆಗೂ ಒಂದು ಲೈನರ್ ಕೊಡುತ್ತೇನೆ. ಅದಕ್ಕೆ ಬೇರೆ ಐವತ್ತು ರೂಪಾಯಿ. ಎಲ್ಲ ತಕರಾರು ಶುರುವಾಗುವುದೇ ಅಲ್ಲಿಂದ.

ಲೈನರ್ ಅಂದರೆ ಸ್ಲೀಪಿಂಗ್ ಬ್ಯಾಗಿನ ಒಳಗೆ ಹಾಕಿಕೊಳ್ಳುವ ತೆಳು ಬಟ್ಟೆಯ ಚೀಲ. ದಿಂಬಿಗೆ ಕವರ್ ಇರುತ್ತಲ್ಲ, ಹಾಗೆ. ಆದರೆ ಇದು ಒಳಗಡೆ ಇರುತ್ತದೆ. ನಾವು ಲೈನರ್ ಒಳಗೆ, ಲೈನರ್ ಬ್ಯಾಗಿನ ಒಳಗೆ. ಇಷ್ಟೇ. ಇಷ್ಟನ್ನು ತಿಳಿದುಕೊಳ್ಳುವ ಮೊದಲೇ ಜನ ಎರಡು ಪ್ರಶ್ನೆ ಎಸೆಯುತ್ತಾರೆ. ಒಂದು, ‘ಬೆಡ್‌ಶೀಟಿಗೂ ಬಾಡಿಗೆನಾ?’ ಎರಡು, ಬ್ಯಾಗು ವಾಪಸ್ ಕೊಡುವಾಗ ಬೈಕಿನ ಮೇಲೆ ಕೂತುಕೊಂಡೇ, ‘ಆಂಟಿ, ನಾನೇ ಒಂದು ತಗೋಬೇಕು. ಬೆಸ್ಟ್ ಲೈನರ್ ಯಾವುದು? ಬ್ರ್ಯಾಂಡ್ ಹೆಸರು ಹೇಳಿ ಸಾಕು.’

ಬೆಸ್ಟ್ ಅಂತೆ. ಮೀನಿನವನ ಹತ್ತಿರ ಹೋಗಿ ‘ಬೆಸ್ಟ್ ಮೀನು ಕೊಡಿ’ ಅಂದು ನೋಡಿ. ಸಾರಿಗಾ, ಫ್ರೈಗಾ ಅಂತ ಅವನೇ ತಿರುಗಿ ಕೇಳುತ್ತಾನೆ. ನಾನು ತಿರುಗಿ ಏನಾದರೂ ಕೇಳಿದರೆ ಮಾತ್ರ ಆಂಟಿಗೆ ಗೊತ್ತಿಲ್ಲ ಅಂತ ಮುಖ ಮಾಡುತ್ತಾರೆ.

ಆ ಐವತ್ತು ರೂಪಾಯಿಯ ಕಥೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಲೈನರ್ ಕಡ್ಡಾಯ ಇರಲಿಲ್ಲ. ಬೇಕಾದವರು ತಗೊಳ್ಳುತ್ತಿದ್ದರು. ಗೌರಿ ಗಣೇಶದ ರಜೆಗೆ ಬೆಂಗಳೂರಿನಿಂದ ಆರು ಹುಡುಗರು ಬಂದರು. ತಡಿಯಂಡಮೋಳ್ ಹತ್ತುವ ಪ್ಲಾನ್. ಕೊಡಗಿನ ಅತಿ ಎತ್ತರದ ಬೆಟ್ಟ ಅದು, 1748 ಮೀಟರ್. ತುದಿಯಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಹಾಗಾಗಿ ಕೆಳಗೆ ಕಕ್ಕಬ್ಬೆಯಲ್ಲಿ ಯಾರದೋ ತೋಟದ ಅಂಗಳದಲ್ಲಿ ಮಲಗುವವರಿದ್ದರು. ಲೈನರ್ ಬೇಕಾ ಅಂತ ಕೇಳಿದೆ. ‘ಬೇಡ ಆಂಟಿ, ನಾವು ತುಂಬಾ ನೀಟು’ ಅಂದರು.

ಸೋಮವಾರ ಬ್ಯಾಗು ವಾಪಸ್ ಬಂದವು. ಒದ್ದೆ ಒದ್ದೆಯಾಗೇ ಸುತ್ತಿ, ಮಂಡಿ ಕೊಟ್ಟು ಒತ್ತಿ ತುಂಬಿದ್ದರು. ಒಂದನ್ನು ಬಿಚ್ಚಿದೆ. ಮೊದಲು ವಾಸನೆ ಬಂತು. ಆಮೇಲೆ ಕಾಲಿನ ಕಡೆ ಕೈ ಹಾಕಿದರೆ ಏನೋ ಮೆತ್ತಗೆ ಸಿಕ್ಕಿತು. ಜಿಗಣೆ. ಹೊಟ್ಟೆ ತುಂಬ ಕುಡಿದು ನೇರಳೆ ಹಣ್ಣಿನಷ್ಟು ದಪ್ಪವಾಗಿ ಆರಾಮಾಗಿ ಮಲಗಿತ್ತು. ಬಾಡಿಗೆ ಕೊಡದೆ ಉಳಿದವನು ಅವನೊಬ್ಬನೇ. ಸುತ್ತ ರಕ್ತದ ಕಲೆ. ಕತ್ತಿನ ಹತ್ತಿರ ಬೇರೆ ಕಪ್ಪು ಕಲೆ, ಅಂಟು ಅಂಟು. ಮೂಸಿ ನೋಡಿದೆ, ಕಾಚಂಪುಳಿ, ನಮ್ಮ ಕಡೆ ಪಂದಿಕರಿಗೆ ಹಾಕುವ ಕಪ್ಪು ಹುಳಿ. ನೀಟಾದ ಹುಡುಗ ಚಳಿಗೆ ಬ್ಯಾಗಿನೊಳಗೆ ಕೂತೇ ಪಂದಿಕರಿ ತಿಂದಿದ್ದ.

ಸ್ಲೀಪಿಂಗ್ ಬ್ಯಾಗ್ ಒಗೆದಿದ್ದೀರಾ ಯಾವತ್ತಾದರೂ? ಬಕೆಟ್ಟಿನಲ್ಲಿ ಹಿಡಿಸುವುದಿಲ್ಲ. ಬಚ್ಚಲಲ್ಲಿ ಹಾಸಿ ಕಾಲಲ್ಲಿ ತುಳಿದೆ. ನೀರು ಕುಡಿದ ಮೇಲೆ ಎತ್ತಲು ಇಬ್ಬರು ಬೇಕಾಯಿತು. ಹಿಂಡುವ ಹಾಗಿಲ್ಲ, ಒಳಗಿನ ಹತ್ತಿ ಒಂದೇ ಕಡೆ ಸರಿದು ಗಂಟಾಗುತ್ತದೆ. (ಹತ್ತಿ ಅಂದೆ, ಅದು ನಿಜವಾಗಿ ಪಾಲಿಯೆಸ್ಟರ್. ಬಾತುಕೋಳಿ ಪುಕ್ಕ ತುಂಬಿದ ಬ್ಯಾಗಾಗಿದ್ದರೆ ಪಾಡು ಇನ್ನೂ ಕಷ್ಟ. ಪುಕ್ಕ ನೆನೆದರೆ ಉಂಡೆ ಕಟ್ಟುತ್ತದೆ. ಉಬ್ಬು ಹೋದರೆ ಬಿಸಿಯೂ ಹೋಯಿತು.) ಹೊರಗೆ ಮಳೆ ನಿಂತಿರಲಿಲ್ಲ. ಜಗಲಿಯಲ್ಲಿ ಹಗ್ಗ ಕಟ್ಟಿದೆ, ಹಗ್ಗ ಜೋತುಬಿತ್ತು. ಮೂರನೇ ದಿನ ಬಚ್ಚಲ ಒಲೆಯ ಹತ್ತಿರಕ್ಕೆ ತಂದೆ. ಅಲ್ಲಿ ಒಂದು ಕಿಡಿ ಹಾರಿ ನೈಲಾನ್ ಕರಗಿ ಕಡಲೆಬೇಳೆಯಷ್ಟು ತೂತಾಯಿತು. ಆರನೇ ದಿನಕ್ಕೆ ಮುಗ್ಗಲು ವಾಸನೆ. ಪೂರ್ತಿ ಒಣಗಿದ್ದು ಒಂಬತ್ತನೇ ದಿನ. ಅಷ್ಟರಲ್ಲಿ ಆ ಬ್ಯಾಗಿಗೆ ಬರಬೇಕಿದ್ದ ಎರಡು ಬಾಡಿಗೆ ಕೈಬಿಟ್ಟಿತ್ತು.

ಅದೇ ವಾರ ಇನ್ನೊಂದು ಜೋಡಿ ಲೈನರ್ ಸಮೇತ ಬ್ಯಾಗು ತಗೊಂಡು ಹೋಗಿತ್ತು. ವಾಪಸ್ ಬಂದ ಲೈನರನ್ನು ರಾತ್ರಿ ಒಗೆದು ಫ್ಯಾನಿನ ಕೆಳಗೆ ಹಾಕಿದೆ. ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಮಡಚಿಟ್ಟೆ.

ಐವತ್ತು ರೂಪಾಯಿ ಯಾಕೆ ಅಂತ ಇನ್ನೂ ಕೇಳುವವರಿದ್ದರೆ, ದಯವಿಟ್ಟು ಟೆಂಟನ್ನು ಬೇರೆ ಕಡೆ ತಗೊಳ್ಳಿ.

ಲೈನರ್ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಓದಿದರೆ ಮೊದಲ ಸಾಲೇ ‘ಎಷ್ಟು ಡಿಗ್ರಿ ಬಿಸಿ ಕೊಡುತ್ತದೆ’ ಅಂತ ಇರುತ್ತದೆ. ನಮ್ಮೂರಿನಲ್ಲಿ ಆ ಲೆಕ್ಕ ಆಮೇಲೆ. ಮಡಿಕೇರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಒಳಉಡುಪು ಒಣಗಿದರೆ ಅದೇ ಹಬ್ಬ. ಮಳೆ ನಿಂತು ಬಿಸಿಲು ಬಂತು ಅನ್ನುವಷ್ಟರಲ್ಲಿ ಹುತ್ತರಿ ಹಬ್ಬ ಕಳೆದು ಕಾಫಿ ಕೊಯ್ಲು, ಕಣದ ತುಂಬ ಕಾಫಿ. ನಮ್ಮ ಮಾವನ ಕಣದ ಒಂದು ಮೂಲೆಯಲ್ಲಿ ಬ್ಯಾಗು ಹರವಲು ಹೋಗಿ ನಾನು ಕೇಳಿಸಿಕೊಂಡ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆದ್ದರಿಂದ ನನ್ನ ಮಟ್ಟಿಗೆ ಲೈನರ್ ಅಂದರೆ ಬ್ಯಾಗನ್ನು ಒಗೆಯದೆ ಇರಲು ಇರುವ ಉಪಾಯ. ಮೈಯ ಬೆವರು, ಎಣ್ಣೆ, ಕೆಸರು ಎಲ್ಲ ಅದರ ಮೇಲೇ ನಿಲ್ಲಬೇಕು. ಒಗೆದರೆ ಒಂದು ರಾತ್ರಿಯಲ್ಲಿ ಒಣಗಬೇಕು. ಇವೆರಡು ಆದರೆ ಮಿಕ್ಕಿದ್ದೆಲ್ಲ ಲಾಭ.

ಹಾಗೆ ನೋಡಿದರೆ ಕಾಟನ್ ಅಲ್ಲೇ ಸೋಲುತ್ತದೆ. ಮೈಗೆ ಹಿತ, ಬೆಲೆ ಕಡಿಮೆ, ಎಲ್ಲ ನಿಜ. ಆದರೆ ಮುನ್ನೂರು ಗ್ರಾಂ ಮೇಲೇ ತೂಗುತ್ತದೆ, ಬೆವರು ಹೀರಿ ಹಾಗೇ ಹಿಡಿದುಕೊಳ್ಳುತ್ತದೆ. ಮಂಜಿನ ರಾತ್ರಿಯಲ್ಲಿ ಒದ್ದೆ ಕಾಟನ್ ಮೈಗೆ ಅಂಟಿದರೆ ಚಳಿ ಇಳಿಯುವುದಿಲ್ಲ, ಏರುತ್ತದೆ. ಹಾಸ್ಟೆಲ್ಲು, ಲಾಡ್ಜು, ಬಿಸಿಲೂರು, ಅಲ್ಲಿಗೆಲ್ಲ ಕಾಟನ್ ಸರಿ. ಫ್ಲೀಸ್, ಅಂದರೆ ಉಣ್ಣೆಯ ಹಾಗಿರುವ ಮೆತ್ತನೆಯ ದಪ್ಪ ಬಟ್ಟೆ, ಬೆಚ್ಚಗಿರುತ್ತದೆ. ಆದರೆ ಅರ್ಧ ಕೆಜಿ ದಾಟುವುದೂ ಉಂಟು, ಮಗ್ಗುಲು ಬದಲಿಸಿದರೆ ಬ್ಯಾಗಿನ ಜೊತೆ ಸರಿಯದೆ ಮೈಗೆ ಸುತ್ತಿಕೊಳ್ಳುತ್ತದೆ. ಬೆಳಿಗ್ಗೆ ಏಳುವಾಗ ನೀವು ಬಾಳೆಎಲೆಯಲ್ಲಿ ಕಟ್ಟಿದ ಕಡುಬು. ರೇಷ್ಮೆ 120ರಿಂದ 150 ಗ್ರಾಂ, ಮುಷ್ಟಿಯೊಳಗೆ ಹಿಡಿಯುತ್ತದೆ, ಒಳಗೆ ನುಣ್ಣಗೆ ಜಾರುತ್ತದೆ, ಬೇಗ ಒಣಗುತ್ತದೆ. ಬೆಲೆ ಕೇಳಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಪಾಲಿಯೆಸ್ಟರ್ ನಡುವಿನದ್ದು. ಬೆಲೆ ಕಡಿಮೆ, ಬೇಗ ಒಣಗುತ್ತದೆ, ಎರಡು ರಾತ್ರಿ ಮಲಗಿದರೆ ನಾರುತ್ತದೆ. ಬಾಡಿಗೆಗೆ ಕೊಡಲು ನಾನು ಇಟ್ಟಿರುವುದು ಅದೇ. ನಿಮ್ಮ ಕೈಗೆ ರೇಷ್ಮೆ ಕೊಡುವಷ್ಟು ನನಗೆ ತಲೆ ಕೆಟ್ಟಿಲ್ಲ.

ಬಿಸಿಯ ವಿಷಯ ಬೇಕೇ ಬೇಕು ಅನ್ನುವವರಿಗೆ: ಕೆಲವು ಲೈನರ್‌ಗಳ ಮೇಲೆ 8 ಡಿಗ್ರಿ ಜಾಸ್ತಿ, 15 ಡಿಗ್ರಿ ಜಾಸ್ತಿ ಅಂತ ಬರೆದಿರುತ್ತಾರೆ. ತೆಳು ರೇಷ್ಮೆಯಲ್ಲಿ ನನಗೆ ಎರಡು ಮೂರು ಡಿಗ್ರಿಗಿಂತ ಹೆಚ್ಚು ಅನಿಸಿದ್ದೇ ಇಲ್ಲ. ಬ್ಯಾಗಿನ ಮೇಲಿನ ಡಿಗ್ರಿಯನ್ನಾದರೂ ಐಎಸ್‌ಓ 23537 ಅನ್ನುವ ಒಂದು ಕ್ರಮದಲ್ಲಿ ಅಳೆಯುತ್ತಾರೆ. ಬಿಸಿ ಮಾಡಿದ ಒಂದು ಬೊಂಬೆಗೆ ತೆಳು ಬಟ್ಟೆ ತೊಡಿಸಿ, ಬ್ಯಾಗಿನೊಳಗೆ ಮಲಗಿಸಿ, ಚಳಿ ಕೋಣೆಯಲ್ಲಿಟ್ಟು ನೋಡುತ್ತಾರೆ. ಬೊಂಬೆ ರಾತ್ರಿ ಎರಡು ಗಂಟೆಗೆ ಉಚ್ಚೆಗೆ ಏಳುವುದಿಲ್ಲ, ಊಟ ಬಿಟ್ಟು ಬಂದಿರುವುದಿಲ್ಲ, ಒದ್ದೆ ಸಾಕ್ಸ್ ಹಾಕಿಕೊಂಡೇ ಒಳಗೆ ನುಗ್ಗುವುದಿಲ್ಲ. ಇನ್ನೊಂದು ಮಾತು. ಆ ಬೊಂಬೆಯ ಕೆಳಗೆ ಮ್ಯಾಟ್ ಇರುತ್ತದೆ. ನಮ್ಮವರು ಲೈನರಿಗೆ ಸಾವಿರಗಟ್ಟಲೆ ಸುರಿದು ಕೆಳಗೆ ಟಾರ್ಪಾಲಿನ ಮೇಲೆ ಮಲಗುತ್ತಾರೆ. ಬ್ಯಾಗಿನ ಅಡಿಭಾಗ ಮೈಭಾರಕ್ಕೆ ಚಪ್ಪಟೆಯಾಗಿರುತ್ತದೆ, ನೆಲ ಇಡೀ ರಾತ್ರಿ ಬಿಸಿಯನ್ನು ಹೀರುತ್ತದೆ. ಮೊದಲು ಮ್ಯಾಟ್ ಕೊಳ್ಳಿ.

ಈಗ ನನ್ನ ಲೈನರಿಗೆ ಬರುತ್ತೇನೆ. ಕರ್ನಾಟಕದಲ್ಲಿದ್ದುಕೊಂಡು ರೇಷ್ಮೆ ಚೀಲವನ್ನು ಹೊರದೇಶದಿಂದ ತರಿಸುವುದು ನನಗೆ ಒಗ್ಗಲಿಲ್ಲ. ರಾಮನಗರದಲ್ಲಿ ಗೂಡಿನ ಮಾರುಕಟ್ಟೆ, ಮೈಸೂರಿನಲ್ಲಿ 1912ರಿಂದ ರೇಷ್ಮೆ ನೇಯುವ ಕಾರ್ಖಾನೆ, ನಾನು ಸಮುದ್ರ ದಾಟಿ ಬಂದ ಚೀಲಕ್ಕೆ ಸುಂಕ ಕಟ್ಟಬೇಕಾ? ಅಮ್ಮನ ಬೀರುವಿನಲ್ಲಿ ಹಳೆಯದೊಂದು ಪ್ರಿಂಟೆಡ್ ಸಿಲ್ಕ್ ಸೀರೆ ಇತ್ತು. ಎಲೆ ಹಸಿರು. ಸೆರಗಿನ ಹತ್ತಿರ ಸವೆದು ಅಮ್ಮ ಉಡುವುದು ಬಿಟ್ಟು ಹತ್ತು ವರ್ಷವಾಗಿತ್ತು. ಕೇಳಿದೆ.

‘ರೇಷ್ಮೆ ಸೀರೆ ಸುತ್ತಿಕೊಂಡು ಕಾಡಲ್ಲಿ ಮಲಗ್ತೀಯಾ? ಯಾರ ಮದುವೆ?’ ಅಂದರು. ಆಮೇಲೆ ಕೊಟ್ಟರು.

ಸೀರೆ ಹಿಡಿದುಕೊಂಡು ಪೇಟೆಯ ಟೈಲರ್ ಹತ್ತಿರ ಹೋದೆ. ವಯಸ್ಸಾದವರು, ಸ್ಲೀಪಿಂಗ್ ಬ್ಯಾಗನ್ನೇ ನೋಡಿದವರಲ್ಲ. ನಾನು ಚೀಲದ ಲೆಕ್ಕ ವಿವರಿಸಿದೆ. ಅವರು ಕನ್ನಡಕ ಹಣೆಗೆ ಏರಿಸಿ ಒಂದೇ ಪ್ರಶ್ನೆ ಕೇಳಿದರು: ‘ಮಲಗುವಾಗ ಕಾಲು ಚಾಚ್ತೀಯಾ, ಮಡಚ್ತೀಯಾ ಮಗಾ?’

ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನನ್ನು ಹೀಗೆ ಕೇಳಿಲ್ಲ, ಯಾರೂ ತಮ್ಮನ್ನು ತಾವು ಕೇಳಿಕೊಂಡೂ ಇಲ್ಲ. ಲೈನರಿನ ಅಗಲ ನಿರ್ಧಾರವಾಗುವುದೇ ಅಲ್ಲಿ. ನೆಟ್ಟಗೆ ಮಲಗುವವರಿಗೆ ಕೆಳಗೆ ಕಿರಿದಾಗುವ ಆಕಾರ ಸಾಕು, ತೂಕವೂ ಉಳಿಯುತ್ತದೆ. ಮಗ್ಗುಲಾಗಿ, ಮಂಡಿ ಹೊಟ್ಟೆಗೆ ಎಳೆದುಕೊಂಡು ಮಲಗುವವರಿಗೆ ಅದೇ ಆಕಾರ ಕಾಲಿಗೆ ಹಾಕಿದ ಹಗ್ಗ. ಅವರಿಗೆ ಉದ್ದುದ್ದ ಒಂದೇ ಅಗಲದ್ದು ಬೇಕು. ನಾನು ಮಡಚುವವಳು. ಸ್ಟೂಲಿನ ಮೇಲೆ ಕೂರಿಸಿ, ಮಂಡಿ ಮಡಚಿಸಿ, ಬೆನ್ನಿನಿಂದ ಮಂಡಿಯವರೆಗೆ ಟೇಪ್ ಹಿಡಿದರು. ಅಂಗಡಿಗೆ ಬಂದಿದ್ದ ಇನ್ನಿಬ್ಬರು ಹೆಂಗಸರು ಬ್ಲೌಸಿನ ಅಳತೆ ಮರೆತು ನನ್ನನ್ನೇ ನೋಡುತ್ತಿದ್ದರು.

ಸವೆದ ಸೆರಗನ್ನು ಕತ್ತರಿಸಿದರು. ಜರಿ ಅಂಚನ್ನೂ ತೆಗೆದರು, ಅದು ಕತ್ತಿಗೆ ಚುಚ್ಚುತ್ತದೆ. ಉಳಿದ ಉದ್ದವನ್ನು ನಡುವೆ ಮಡಚಿದರೆ ಎರಡೂಕಾಲು ಮೀಟರಿನ ಜೋಡಿ ಪದರ. ಆ ಮಡಿಕೆ ಬರುವುದು ಕಾಲಿನ ಕಡೆ. ನಾನು ಅದನ್ನು ತಲೆಯ ಕಡೆ ಇಡಲು ಹೇಳಿದ್ದೆ. ಅವರು ತಲೆ ಅಲ್ಲಾಡಿಸಿ, ‘ಕಾಲು ಒತ್ತುವ ಕಡೆ ಹೊಲಿಗೆ ಇದ್ರೆ ಅಲ್ಲೇ ಬಿಚ್ಚಿಕೊಳ್ಳುತ್ತೆ’ ಅಂದರು. ಹೌದಲ್ವಾ! ಅಂಗಡಿಯಿಂದ ಕೊಂಡ ನನ್ನ ಹಳೆಯ ಲೈನರ್ ಹರಿದದ್ದು ಸರಿಯಾಗಿ ಕಾಲಿನ ಹೊಲಿಗೆಯಲ್ಲೇ. ಅಗಲ ತೊಂಬತ್ತು ಸೆಂಟಿಮೀಟರ್ ಬಿಟ್ಟು ಎರಡು ಪಕ್ಕ ಹೊಲಿದರು, ಎಳೆ ಕೀಳದ ಹಾಗೆ ಅಂಚನ್ನು ಒಳಗೆ ಮಡಚಿ ಎರಡು ಸಲ. ಒಂದು ಪಕ್ಕ ಮೇಲಿನ ಎರಡು ಅಡಿ ತೆರೆದೇ ಬಿಟ್ಟರು, ರಾತ್ರಿ ಗಡಿಬಿಡಿಯಲ್ಲಿ ಹೊರಗೆ ಬರಲು. ವೆಲ್ಕ್ರೋ ಬೇಡ ಅಂದೆ, ಅದು ರೇಷ್ಮೆಯನ್ನು ಕಿತ್ತು ಹಾಕುತ್ತದೆ. ಎರಡು ಕಸೆ ಹೊಲಿದುಕೊಟ್ಟರು. ಅಡುಗೆಮನೆಯ ತಕ್ಕಡಿಯಲ್ಲಿ 230 ಗ್ರಾಂ ಬಂತು. ಅಂಗಡಿಯದಕ್ಕಿಂತ ಭಾರ, ಗೊತ್ತು. ಆ ಹೆಚ್ಚುವರಿ ಗ್ರಾಂಗಳನ್ನು ನಾನು ಹೊರುತ್ತೇನೆ, ನೀವು ಚಿಂತೆ ಮಾಡಬೇಡಿ.

ಒಗೆಯುವುದು ಅಂಟುವಾಳ ಕಾಯಿಯ ನೀರಿನಲ್ಲಿ, ಇಲ್ಲವೇ ಒಂದು ಚಮಚ ಶಾಂಪೂ. ನೆನೆದ ರೇಷ್ಮೆಗೆ ಬಲ ಕಡಿಮೆ, ಹಾಗಾಗಿ ಹಿಂಡುವುದಿಲ್ಲ. ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೆರಳಿಗೆ ಹಾಕುತ್ತೇನೆ.

ಉಳಿದ ಪ್ರಶ್ನೆಗಳಿಗೂ ಉತ್ತರ ಕೊಟ್ಟು ಮುಗಿಸುತ್ತೇನೆ. ಜಿಗಣೆ ತಡೆಯುತ್ತಾ? ದಟ್ಟ ನೇಯ್ಗೆಯ ಬಟ್ಟೆಯ ಮೂಲಕ ಕಚ್ಚಲಾರದು, ಜಿಗಣೆ ಸಾಕ್ಸ್ ಮಾಡುವುದೂ ಅಂಥ ಬಟ್ಟೆಯಲ್ಲೇ. ಆದರೆ ನಿಮ್ಮ ಕಾಲಿಗೆ ಅಂಟಿಕೊಂಡು ನಿಮ್ಮ ಜೊತೆಗೇ ಒಳಗೆ ಬಂದ ಜಿಗಣೆಯನ್ನು ಯಾವ ಲೈನರೂ ತಡೆಯಲ್ಲ. ಮಲಗುವ ಮೊದಲು ಬೆರಳ ಸಂದಿ ನೋಡಿಕೊಳ್ಳಿ. ತಿಗಣೆ? ಪೂರ್ತಿ ಭರವಸೆ ಇಲ್ಲ, ತೆರೆದ ಬಾಯಿಂದ ಒಳಗೆ ಬರಬಹುದು. ಬರೀ ಲೈನರಿನಲ್ಲೇ ಮಲಗಬಹುದಾ? ಏಪ್ರಿಲಿನಲ್ಲಿ ಕಣ್ಣೂರು ಕಡೆ ಇಳಿದರೆ ಅದೇ ಜಾಸ್ತಿ.

ರೈಲಿಗೆ? ರೈಲಿಗೆ ಖಂಡಿತ. ಕೊಡಗಿನಲ್ಲಿ ರೈಲೇ ಇಲ್ಲ, ನಾವು ಮೈಸೂರಿಗೆ ಹೋಗಿ ಹತ್ತುವವರು, ಆದರೂ ಹೇಳುತ್ತೇನೆ. ಎಸಿ ಬೋಗಿಯ ಕಂಬಳಿಗಳನ್ನು ತಿಂಗಳಿಗೆ ಒಮ್ಮೆಯಾದರೂ ಒಗೆಯುತ್ತೇವೆ ಎಂದು ರೈಲ್ವೆ ಸಚಿವರು 2024ರಲ್ಲಿ ಲೋಕಸಭೆಗೆ ಉತ್ತರ ಕೊಟ್ಟರು. ಆ ಸುದ್ದಿಯನ್ನು ಅಮ್ಮನಿಗೆ ನಾನೇ ಓದಿ ಹೇಳಿದೆ. ಹೇಳಬಾರದಿತ್ತು. ಮುಂದಿನ ತಿಂಗಳು ಅವರು ಕಾಶಿಗೆ ಹೊರಟಿದ್ದರು. ‘ಅದು ನನ್ನ ಸೀರೆ ತಾನೇ’ ಅಂತ ಲೈನರನ್ನು ಬ್ಯಾಗಿಗೆ ಹಾಕಿಕೊಂಡರು. ಅಲ್ಲಿಂದ ಬಂದ ಮೇಲೆ ತಮ್ಮನ ಮನೆಗೆ, ಆಮೇಲೆ ಧರ್ಮಸ್ಥಳಕ್ಕೆ. ಕೇಳಿದರೆ ‘ಒಗೆದು ಹಾಕಿದ್ದೀನಿ, ಒಣಗಿಲ್ಲ’ ಅನ್ನುತ್ತಾರೆ. ಒಂದು ರಾತ್ರಿಯಲ್ಲಿ ಒಣಗುತ್ತದೆ ಅಂತ ಅವರಿಗೆ ಹೇಳಿಕೊಟ್ಟವಳೇ ನಾನು.

ಹಾಗಾಗಿ ಸದ್ಯಕ್ಕೆ ನಾನೂ ನಿಮ್ಮ ಹಾಗೆ ಪಾಲಿಯೆಸ್ಟರಿನಲ್ಲೇ ಮಲಗುತ್ತಿದ್ದೇನೆ. ಐವತ್ತು ರೂಪಾಯಿ, ಮುಂಗಡವಾಗಿ.