ಕೋಡಿ ಇಲ್ಲದ ಕೆರೆಯಲ್ಲಿ ಅಮ್ಮ ತೇಲಿದ ದಿನ

ಊರಿಂದ ಅಪ್ಪ ಅಮ್ಮ ಕೆನಡಾದ ಸಸ್ಕಾಟೂನ್‌ಗೆ ಬಂದಿದ್ದಾರಾ? ಬೇಸಿಗೆ ಮುಗಿಯೋದರೊಳಗೆ ಒಂದು ದಿನ ಲಿಟಲ್ ಮ್ಯಾನಿಟೂ ಕೆರೆಗೆ ಕರೆದುಕೊಂಡು ಹೋಗಿ. ಜುಲೈಯಲ್ಲಿ ನಾನು ಅಮ್ಮನ ಜೊತೆ ಹೋಗಿ ಬಂದೆ. ಅಮ್ಮನಿಗೆ 64. ಊರ ಹೊಳೆಯಲ್ಲೂ ಮೊಣಕಾಲಿಗಿಂತ ಆಳಕ್ಕೆ ಇಳಿದವರಲ್ಲ.

ದಾರಿ ಸುಲಭ. 16ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗಿ, ಕೊಲೋನ್ಸೆ ಹತ್ತಿರ 2ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ವಾಟ್ರಸ್ ಊರು. ಅಲ್ಲಿಂದ ಕೆರೆ ಸುಮಾರು 5 ಕಿ.ಮೀ. ಒಟ್ಟು ಒಂದೂವರೆ ಗಂಟೆ. ಜುಲೈಯಲ್ಲಿ ಎರಡೂ ಕಡೆ ಕನೋಲಾ ಅನ್ನೋ ಎಣ್ಣೆಕಾಳಿನ ಬೆಳೆ ಹಳದಿ ಹೂ ಬಿಟ್ಟಿರುತ್ತದೆ. ಅಮ್ಮ ಅದನ್ನು ಹುಚ್ಚೆಳ್ಳು ಹೊಲ ಅಂದುಕೊಂಡರು.

ಕೆರೆ ಆಳವಿಲ್ಲ, ಆದರೆ ನೀರು ಬೇರೆ ಥರ. ಇದಕ್ಕೆ ಕೋಡಿಯೇ ಇಲ್ಲ. ಊಟೆಯಿಂದ, ಮಳೆಯಿಂದ ಬಂದ ನೀರು ಬಿಸಿಲಿಗೆ ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಹೀಗೆ ಸಾವಿರಾರು ವರ್ಷ ಸೇರಿ ಸಮುದ್ರದ ನೀರಿಗಿಂತ ಉಪ್ಪಾಗಿದೆ. ಬರೀ ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ ಸಲ್ಫೇಟ್ ಕೂಡ ಇದೆ. ಅದಕ್ಕೇ ಬಾಯಿಗೆ ಹೋದರೆ ಕಹಿ. ಈ ನೀರಿಗೆ ಕಾಯಿಲೆ ವಾಸಿ ಮಾಡುವ ಶಕ್ತಿ ಇದೆ ಅಂತ ಇಲ್ಲಿನ ಮೂಲನಿವಾಸಿಗಳು ನಂಬಿಕೊಂಡು ಬಂದಿದ್ದಾರೆ. ಮ್ಯಾನಿಟೂ ಅಂದರೆ ದೈವ.

ಅಮ್ಮ ಚೂಡಿದಾರದಲ್ಲೇ ಇಳಿದರು. ಸೊಂಟದ ಮಟ್ಟಕ್ಕೆ ಬಂದಾಗ ಬೆನ್ನಿಗೆ ಕೈ ಕೊಟ್ಟು, "ಹಿಂದಕ್ಕೆ ಒರಗಮ್ಮಾ" ಅಂದೆ. "ಬೇಡ ಕಣೋ, ಮುಳುಗ್ತೀನಿ" ಅಂತ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು. ಒರಗಿದರು. ಕಾಲು ತಾನಾಗಿಯೇ ಮೇಲೆ ಬಂತು. ಹೆಬ್ಬೆರಳು, ಕಾಲುಂಗುರ ಎರಡೂ ನೀರಿನ ಮೇಲೆ. ನಿಧಾನಕ್ಕೆ ನನ್ನ ಕೈ ಬಿಟ್ಟರು. ಆಮೇಲೆ ಅರ್ಧ ಗಂಟೆ ಆಕಾಶ ನೋಡುತ್ತಾ ಸುಮ್ನೆ ಮಲಗಿದ್ದರು.

ತೇಲುತ್ತೀವಿ ಅಂತ ಮೈಮರೆಯಬೇಡಿ. ಬೋರಲಾಗಿ ಈಜಲು ಹೋದರೆ ಕಾಲು ಮೇಲೆದ್ದು ಮುಖ ನೀರಿಗೆ ಬೀಳುತ್ತದೆ. ನನಗೆ ಹಾಗೇ ಆಯ್ತು. ಕಣ್ಣಿಗೆ ಹೋದ ನೀರು ಮೆಣಸಿನಕಾಯಿ ಮುಟ್ಟಿದ ಕೈ ಸೋಕಿದಷ್ಟು ಉರಿ. ಸಿಹಿನೀರಿನ ಬಾಟಲಿ ಕಾರಲ್ಲಿತ್ತು, ಓಡಬೇಕಾಯಿತು. ನೀವು ಬಾಟಲಿಯನ್ನು ದಡದಲ್ಲೇ ಇಟ್ಟುಕೊಳ್ಳಿ. ಹಿಮ್ಮಡಿ ಒಡೆದಿದ್ದರೆ, ಮೈಮೇಲೆ ಗಾಯ ಇದ್ದರೆ ಚುರ್ ಅನ್ನುತ್ತದೆ. ಹಿಂದಿನ ದಿನ ಶೇವ್ ಮಾಡಬೇಡಿ. ಕಲ್ಲು ಚುಚ್ಚುತ್ತದೆ, ರಬ್ಬರ್ ಚಪ್ಪಲಿ ಇರಲಿ. ಮಕ್ಕಳನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳಿ. ಬಿಪಿ, ಹೃದಯದ ತೊಂದರೆ ಇರುವ ಹಿರಿಯರು ಮೊದಲು ಡಾಕ್ಟರನ್ನು ಕೇಳಿದರೆ ಒಳ್ಳೇದು.

ಮೀನು ಹಿಡಿಯೋ ಆಸೆ ಇದ್ದರೆ ಬೇರೆ ಕೆರೆ ನೋಡಿ. ಗಾಳಿ ಜಾಸ್ತಿ ಇದ್ದರೆ ಹತ್ತಿರದಲ್ಲೇ ಇದೇ ನೀರಿನ ಒಳಾಂಗಣ ಬಿಸಿನೀರ ಕೊಳ ಇದೆ, ತೆರೆದಿದೆಯಾ ಅಂತ ಮೊದಲು ವಿಚಾರಿಸಿ. ಸಂಜೆ 1928ರಲ್ಲಿ ಕಟ್ಟಿದ ಡಾನ್ಸ್‌ಲ್ಯಾಂಡ್ ಅನ್ನೋ ಕುಣಿಯುವ ಹಾಲ್ ನೋಡದೆ ಬರಬೇಡಿ. ಅದರ ಮರದ ನೆಲದ ಕೆಳಗೆ ಕುದುರೆ ಕೂದಲು ಹಾಸಿದ್ದಾರೆ.

ಹೊರಡುವ ಮುಂಚೆ ಸಿಹಿನೀರಲ್ಲಿ ಸ್ನಾನ ಮಾಡಿ. ಕಾರಿನ ಸೀಟಿಗೂ ಒಂದು ಹಳೇ ಟವೆಲ್ ಹಾಸಿ. ಮನೆ ಸೇರುವಷ್ಟರಲ್ಲಿ ಅಮ್ಮನ ದುಪಟ್ಟಾ ಗಂಜಿ ಹಾಕಿದ ಸೀರೆಯ ಹಾಗೆ ಸೆಟೆದು, ಅಂಚಿಗೆಲ್ಲ ಬಿಳಿ ಉಪ್ಪು ಕಟ್ಟಿತ್ತು.