ಮರ್ರೆ ನದಿ ದಾಟಿದರೆ ಸುಂಕ

ಏಪ್ರಿಲ್ 9, 2023, ಭಾನುವಾರ
ಆಲ್ಬರಿ

ಈಸ್ಟರ್ ರಜೆಗೆ ಜನರೆಲ್ಲ ಕಡಲ ಕಡೆ ಹೊರಟರೆ ನಾವು ಮೆಲ್ಬರ್ನ್ ಬಿಟ್ಟು ಉತ್ತರಕ್ಕೆ, ಆಸ್ಟ್ರೇಲಿಯಾದ ಎರಡು ರಾಜ್ಯಗಳ (ಮೆಲ್ಬರ್ನ್ ಇರುವ ವಿಕ್ಟೋರಿಯಾ, ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್) ಗಡಿಯ ಊರು ಆಲ್ಬರಿಗೆ ಬಂದಿದ್ದೇವೆ. ಹುಬ್ಬಳ್ಳಿಯಿಂದ ಬಂದಿರುವ ಮಾವ ರೈಲ್ವೆಯಲ್ಲಿ ದುಡಿದು ರಿಟೈರ್ ಆದವರು. ಅವರಿಗೆ ಈ ಸ್ಟೇಷನ್ ತೋರಿಸಬೇಕು ಅಂತ ನನಗೆ ಬಹಳ ದಿನದ ಆಸೆ.

ನಿನ್ನೆ ಸಂಜೆ ಮಾವ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ಕೈಹಿಂದೆ ಕಟ್ಟಿಕೊಂಡು ನಡೆದರು. ಹತ್ತಿರಹತ್ತಿರ ಅರ್ಧ ಕಿಲೋಮೀಟರ್. ವಾಪಸ್ ಬಂದವರೇ ಕೇಳಿದರು, "ಇಷ್ಟ ಸಣ್ಣ ಊರಿಗೆ ಇಷ್ಟ ಉದ್ದ ಪ್ಲಾಟ್‌ಫಾರ್ಮ್ ಯಾಕ ಬೇಕಾತವಾ?"

ಕಾರಣ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ. ಸಿಡ್ನಿಯಿಂದ ಬರುವ ಹಳಿಯ ಅಗಲ 4 ಅಡಿ 8½ ಇಂಚು. ಮೆಲ್ಬರ್ನ್ ಕಡೆಯದು 5 ಅಡಿ 3 ಇಂಚು. 1883ರಲ್ಲಿ ಎರಡೂ ಮಾರ್ಗ ಇಲ್ಲಿ ಸೇರಿದವು, ಆದರೆ ಒಂದರ ಗಾಡಿ ಇನ್ನೊಂದರ ಮೇಲೆ ಓಡುವ ಹಾಗಿರಲಿಲ್ಲ. ಮಕ್ಕಳುಮರಿ, ಗಂಟುಮೂಟೆ ಸಮೇತ ಇಳಿದು ಬೇರೆ ರೈಲು ಹತ್ತಬೇಕು. ಸರಕೂ ಅಷ್ಟೇ, ಇಳಿಸಿ ಹೇರಬೇಕು. ಮೆಲ್ಬರ್ನಿನವರೆಗೆ ಸಿಡ್ನಿ ಗೇಜಿನ ಹಳಿ ಬಂದದ್ದು 1962ರಲ್ಲಿ!

"ಅಂದ್ರ ಇದು ನಮ್ಮ ಗುಂತಕಲ್ ಇದ್ದಂಗ" ಅಂದರು ಮಾವ. ಹುಬ್ಬಳ್ಳಿ ಕಡೆಯ ಮೀಟರ್ ಗೇಜಿನಿಂದ ಇಳಿದು ಮುಂಬಯಿ–ಮದ್ರಾಸ್ ಬ್ರಾಡ್ ಗೇಜ್ ಹಿಡಿಯಲು ಅಲ್ಲಿ ಕಾದ ರಾತ್ರಿಗಳ ಕಥೆ ಶುರುವಾಯಿತು.

ಈ ಎರಡು ಅಳತೆಯ ಹಿಂದಿನ ಸಂಗತಿ ಕೇಳಿದರೆ ಹೊಟ್ಟೆ ಉರಿಯುತ್ತದೆ. ಮೊದಲು ಒಬ್ಬ ಐರಿಷ್ ಎಂಜಿನಿಯರ್ ಸಲಹೆಯಂತೆ ಎರಡೂ ಕಡೆ 5 ಅಡಿ 3 ಇಂಚು ಅಂತಲೇ ಒಪ್ಪಿದ್ದರು. ಅವನು ಸಿಡ್ನಿಯ ಕೆಲಸ ಬಿಟ್ಟ. ಅವನ ಜಾಗಕ್ಕೆ ಬಂದ ಸ್ಕಾಟ್ಲೆಂಡಿನವನು ಅದು ಬೇಡ ಎಂದ. ನ್ಯೂ ಸೌತ್ ವೇಲ್ಸ್ ಮನಸ್ಸು ಬದಲಾಯಿಸಿತು. ಅಷ್ಟರಲ್ಲಿ ವಿಕ್ಟೋರಿಯಾದವರು ಗಾಡಿಗಳಿಗೆ ಆರ್ಡರ್ ಕೊಟ್ಟಾಗಿತ್ತು. ಕ್ವೀನ್ಸ್‌ಲ್ಯಾಂಡಿನವರಂತೂ ಇಬ್ಬರನ್ನೂ ಬಿಟ್ಟು 3 ಅಡಿ 6 ಇಂಚು ಹಾಕಿಕೊಂಡರು. ಒಂದೇ ಭೂಖಂಡ, ಒಂದೇ ರಾಣಿ, ಒಂದೇ ಭಾಷೆ. ಆದರೆ ಬ್ರಿಟಿಷರ ಆರು ವಸಾಹತು, ಆರು ಸರ್ಕಾರ. ಅಂಚೆಚೀಟಿಯೂ ಬೇರೆಬೇರೆ.

ಇವತ್ತು ಬೆಳಿಗ್ಗೆ ಕಾರಿನಲ್ಲಿ ಕೊರೋವಾಗೆ ಹೋದೆವು. ಇದೂ ಮರ್ರೆ ನದಿಯ ದಂಡೆಯ ಊರೇ. ಆಚೆ ದಡದಲ್ಲಿ ವಿಕ್ಟೋರಿಯಾದ ವಾಗುನ್ಯಾ, ಅಲ್ಲೊಂದು ಹಳೆಯ ಸುಂಕದ ಕಟ್ಟೆ. ನದಿಯ ನೀರೆಲ್ಲ ನ್ಯೂ ಸೌತ್ ವೇಲ್ಸ್‌ನದು, ಗಡಿ ಇರುವುದು ದಕ್ಷಿಣದ ದಡದಲ್ಲಿ. ಇಲ್ಲಿನ ರೈತರಿಗೆ ಸಿಡ್ನಿಗಿಂತ ಮೆಲ್ಬರ್ನ್ ಎಷ್ಟೋ ಹತ್ತಿರ. ಅವರ ವ್ಯಾಪಾರವೆಲ್ಲ ಅತ್ತ ಕಡೆಗೇ. ಆದರೆ ಆ ಕಾಲದಲ್ಲಿ ಕುರಿ ಹೊಡೆದುಕೊಂಡು ಸೇತುವೆ ದಾಟಿದರೆ ವಿಕ್ಟೋರಿಯಾಕ್ಕೆ ತೆರಿಗೆ ಕಟ್ಟಬೇಕಿತ್ತು. ತನ್ನ ಕೈಗಾರಿಕೆ, ಬೇಸಾಯ ಕಾಪಾಡಲು ಸುಂಕ ಬೇಕೇ ಬೇಕು ಅನ್ನುವುದು ವಿಕ್ಟೋರಿಯಾದ ಹಟ. ಮುಕ್ತ ವ್ಯಾಪಾರವೇ ಸರಿ ಅನ್ನುವುದು ನ್ಯೂ ಸೌತ್ ವೇಲ್ಸ್‌ನ ವಾದ. ನಡುವೆ ಒದ್ದಾಡಿದವರು ದಂಡೆಯ ಜನ.

ಆರೂ ವಸಾಹತುಗಳು ಸೇರಿ ಒಂದೇ ದೇಶವಾಗುವ ಮಾತು ಆಗಲೇ ಎದ್ದಿತ್ತು. 1889ರ ಅಕ್ಟೋಬರಿನಲ್ಲಿ ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್ (ಅಲ್ಲಿನ ಸರ್ಕಾರದ ಮುಖ್ಯಸ್ಥ) ಹೆನ್ರಿ ಪಾರ್ಕ್ಸ್ ಟೆಂಟರ್‌ಫೀಲ್ಡ್ ಎಂಬ ಊರಿನಲ್ಲಿ ಇದಕ್ಕಾಗಿ ಭಾಷಣ ಮಾಡಿದ್ದರು. 1891ರಲ್ಲಿ ಸಿಡ್ನಿಯಲ್ಲಿ ಸಮ್ಮೇಳನ ಸೇರಿತು. ಆಗ ನ್ಯೂಜಿಲೆಂಡಿನವರೂ ಬಂದಿದ್ದರು. ಇಂಥದ್ದೇ ಒಂದು ಈಸ್ಟರ್ ರಜೆಯಲ್ಲಿ ಕ್ವೀನ್ಸ್‌ಲ್ಯಾಂಡಿನ ಪ್ರೀಮಿಯರ್ ಸ್ಯಾಮ್ಯುಯೆಲ್ ಗ್ರಿಫಿತ್ ಮತ್ತು ಕೆಲವರು 'ಲುಸಿಂಡಾ' ಎಂಬ ಹಡಗಿನಲ್ಲಿ ಕೂತು ಸಂವಿಧಾನದ ಕರಡನ್ನು ತಿದ್ದಿದರು. ಕರಡೇನೋ ಚೆನ್ನಾಗಿತ್ತು. ಆದರೆ ವಸಾಹತುಗಳ ಶಾಸನಸಭೆಗಳಿಗೆ ಹೋಗಿ ಅದು ಸುಮ್ನೆ ಬಿದ್ದುಕೊಂಡಿತು. ಬ್ಯಾಂಕುಗಳು ಮುಳುಗುತ್ತಿದ್ದ ಕಾಲ, ಯಾರಿಗೂ ಪುರುಸೊತ್ತಿಲ್ಲ.

ಅದನ್ನು ಮೇಲಕ್ಕೆ ಎತ್ತಿದ್ದು ಕೊರೋವಾ. 1893ರ ಜುಲೈ 31 ಮತ್ತು ಆಗಸ್ಟ್ 1ರಂದು ವಸಾಹತುಗಳು ಒಂದಾಗಬೇಕು ಎನ್ನುವ ಗಡಿ ಊರುಗಳ ಸಂಘಗಳವರು ಇಲ್ಲಿನ ಪುಟ್ಟ ಕೋರ್ಟ್ ಕಟ್ಟಡದಲ್ಲಿ ಸೇರಿದರು. ಬೆಂಡಿಗೋದ ವಕೀಲ ಜಾನ್ ಕ್ವಿಕ್ ಒಂದು ಠರಾವು ಮಂಡಿಸಿದರು. ಸಂವಿಧಾನ ಬರೆಯುವವರನ್ನು ಜನರೇ ಆರಿಸಲಿ, ಬರೆದದ್ದನ್ನು ಮತ್ತೆ ಜನರ ಮುಂದೆಯೇ ವೋಟಿಗೆ ಇಡಲಿ. ಇಷ್ಟೇ. ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ಮಾತು ಇದು. ಪ್ರೀಮಿಯರುಗಳ ಮುಷ್ಟಿಯಲ್ಲಿದ್ದ ವಿಷಯವನ್ನು ಈ ಪುಟ್ಟ ಊರಿನ ಜನ ಬಿಡಿಸಿಕೊಂಡರು.

ಕ್ವಿಕ್ ಹೇಳಿದ ದಾರಿಯಲ್ಲೇ ಮುಂದಿನ ಕೆಲಸ ಬಹುಪಾಲು ನಡೆಯಿತು. 1897–98ರಲ್ಲಿ ಅಡಿಲೇಡ್, ಸಿಡ್ನಿ, ಮೆಲ್ಬರ್ನಿನಲ್ಲಿ ಪ್ರತಿನಿಧಿಗಳು ಕೂತು ಚೌಕಾಶಿ ಮಾಡಿದರು. ದೊಡ್ಡವರು ನಮ್ಮನ್ನು ನುಂಗುತ್ತಾರೆ ಎಂದು ಸಣ್ಣ ವಸಾಹತುಗಳಿಗೆ ಭಯ. ಅದಕ್ಕೇ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಎಲ್ಲರಿಗೂ ಸಮ ಸೀಟು, ತಲಾ ಆರು. ಸುಂಕದ ದುಡ್ಡು ಕೇಂದ್ರಕ್ಕೆ ಹೋದರೆ ವಸಾಹತುಗಳ ಖಜಾನೆ ಗತಿ ಏನು? ಅದರ ಮುಕ್ಕಾಲು ಪಾಲು ರಾಜ್ಯಗಳಿಗೆ ವಾಪಸ್.

1898ರ ಜೂನಿನಲ್ಲಿ ನಾಲ್ಕು ವಸಾಹತುಗಳು ಮತ ಹಾಕಿದವು. ಸೌತ್ ಆಸ್ಟ್ರೇಲಿಯಾದಲ್ಲಿ ಹೆಂಗಸರೂ ಹಾಕಿದರು. ಎಲ್ಲ ಕಡೆ 'ಹೌದು' ಗೆದ್ದಿತು. ಆದರೂ ಕೆಲಸ ಕೆಟ್ಟಿತು. ನ್ಯೂ ಸೌತ್ ವೇಲ್ಸ್‌ನಲ್ಲಿ ಕನಿಷ್ಠ 80,000 'ಹೌದು' ಬೀಳಬೇಕು ಅಂತ ಅಲ್ಲಿನ ಶಾಸನಸಭೆ ಷರತ್ತು ಹಾಕಿತ್ತು. ಬಿದ್ದದ್ದು 71,595. ಅಲ್ಲಿನ ಪ್ರೀಮಿಯರ್ ಜಾರ್ಜ್ ರೀಡ್ ಭಾಷಣದಲ್ಲಿ ಮಸೂದೆಯ ತಪ್ಪುಗಳನ್ನೆಲ್ಲ ಎಣಿಸಿ, ಕೊನೆಗೆ ನಾನು ಮಾತ್ರ ಪರವಾಗಿ ಮತ ಹಾಕುತ್ತೇನೆ ಎಂದಿದ್ದರು. ಅವರಿಗೆ 'ಹೌದು-ಇಲ್ಲ ರೀಡ್' ಅನ್ನೋ ಹೆಸರೇ ಬಿತ್ತು. ಮರುವರ್ಷ ಪ್ರೀಮಿಯರುಗಳು ಮತ್ತೆ ಕೂತರು. ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲೇ, ಆದರೆ ಸಿಡ್ನಿಯಿಂದ 100 ಮೈಲಿಯಾದರೂ ದೂರ ಇರಲಿ, ಅಲ್ಲಿಯವರೆಗೆ ಸಂಸತ್ತು ಮೆಲ್ಬರ್ನಿನಲ್ಲಿ ನಡೆಯಲಿ ಎಂದು ಒಪ್ಪಂದವಾಯಿತು. ಸಂಸತ್ತು ಕ್ಯಾನ್‌ಬೆರಾಗೆ ಹೋದದ್ದು 1927ರಲ್ಲಿ. 1899ರಲ್ಲಿ ಕ್ವೀನ್ಸ್‌ಲ್ಯಾಂಡೂ ಸೇರಿ ಐದು ಕಡೆ ಗೆಲುವು.

ಪಶ್ಚಿಮ ಆಸ್ಟ್ರೇಲಿಯಾ ಕೊನೆಯವರೆಗೂ ಎಳೆದಾಡಿತು. ಚಿನ್ನದ ಗಣಿಗಳಿಗೆ ಪೂರ್ವದಿಂದ ಬಂದಿದ್ದ ಜನ, ನೀವು ಸೇರದಿದ್ದರೆ ನಾವೇ ಬೇರೆಯಾಗಿ ಸೇರುತ್ತೇವೆ ಎಂದು ಪಟ್ಟು ಹಿಡಿದರು. 1900ರ ಜುಲೈ 31ಕ್ಕೆ ಅಲ್ಲಿ ಮತದಾನ. ಅಷ್ಟರಲ್ಲಿ ಲಂಡನ್ನಿನಲ್ಲಿ ಕಾಯ್ದೆ ಪಾಸಾಗಿತ್ತು. ಹಾಗಾಗಿ ಸಂವಿಧಾನದ ಪೀಠಿಕೆಯಲ್ಲಿ ಇವತ್ತಿಗೂ ಅವರ ಹೆಸರಿಲ್ಲ. ಸೇರದೇ ಉಳಿದ ನ್ಯೂಜಿಲೆಂಡಿನ ಹೆಸರು ಮಾತ್ರ ಅದೇ ಕಾಯ್ದೆಯಲ್ಲಿ ಉಳಿದುಕೊಂಡಿದೆ.

1901ರ ಜನವರಿ 1. ಸಿಡ್ನಿಯ ಸೆಂಟೆನಿಯಲ್ ಪಾರ್ಕಿನಲ್ಲಿ ದೇಶ ಹುಟ್ಟಿತು, ಎಡ್ಮಂಡ್ ಬಾರ್ಟನ್ ಮೊದಲ ಪ್ರಧಾನಿಯಾದರು.

ಕೋರ್ಟ್ ಕಟ್ಟಡದ ಮುಂದೆ ನಿಂತು ಇದನ್ನೆಲ್ಲ ಹೇಳಿದ ಮೇಲೆ ಮಾವ ಕೇಳಿದರು, "ಇಲ್ಲಿ ಮೊದಲಿಂದ ಇದ್ದ ಮಂದಿನ್ನ ಯಾರಾದ್ರೂ ಕೇಳಿದ್ರೇನು?"

ಕೇಳಲಿಲ್ಲ. ಒಂದು ಸಮ್ಮೇಳನದಲ್ಲೂ ಮೂಲನಿವಾಸಿಗಳ ಪ್ರತಿನಿಧಿ ಇರಲಿಲ್ಲ. ದೇಶದ ಜನರನ್ನು ಎಣಿಸುವಾಗ ಅವರನ್ನು ಸೇರಿಸಬಾರದು ಎಂದು 127ನೇ ಕಲಮಿನಲ್ಲಿ ಬರೆದೇ ಇಟ್ಟರು. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದೇ ಮೊದಲ ವರ್ಷ ವಲಸೆ ಕಾಯ್ದೆ ತಂದು, ಯಾವುದಾದರೂ ಯುರೋಪಿನ ಭಾಷೆಯಲ್ಲಿ 50 ಪದ ಉಕ್ತಲೇಖನ ಬರೆಸಿ ನಮ್ಮಂಥವರನ್ನು ಬಂದರಿನಿಂದಲೇ ವಾಪಸ್ ಕಳಿಸುವ ದಾರಿ ಮಾಡಿಕೊಂಡರು. ಆ ಪರೀಕ್ಷೆ 1958ರವರೆಗೂ ಇತ್ತು. 127ನೇ ಕಲಮು ಹೋದದ್ದು 1967ರ ಜನಮತದಲ್ಲಿ, ನೂರಕ್ಕೆ 90ಕ್ಕೂ ಜಾಸ್ತಿ 'ಹೌದು' ಬಿದ್ದಾಗ.

ಈ ವರ್ಷ, ಅಂದರೆ 2023ರ ಕೊನೆಗೆ, ಮತ್ತೊಂದು ಜನಮತ ಇದೆ. ಮೂಲನಿವಾಸಿಗಳ ಮಾತನ್ನು ಸಂಸತ್ತಿಗೆ ಮುಟ್ಟಿಸುವ ಮಂಡಳಿಗೆ ಸಂವಿಧಾನದಲ್ಲಿ ಜಾಗ ಕೊಡಬೇಕೇ ಎಂಬ ಪ್ರಶ್ನೆ. ಇಡೀ ದೇಶದಲ್ಲಿ ಬಹುಮತ ಬಂದರೆ ಸಾಲದು, ಆರು ರಾಜ್ಯಗಳಲ್ಲಿ ನಾಲ್ಕಾದರೂ ಒಪ್ಪಬೇಕು. ಸಣ್ಣ ವಸಾಹತುಗಳ ಆ ಹಳೆಯ ಭಯವೇ ಈ ನಿಯಮದಲ್ಲೂ ಇದೆ. ನಾನು ಈಗ ಇಲ್ಲಿನ ಪ್ರಜೆ, ಇದು ನನ್ನ ಮೊದಲ ಜನಮತ. 'ಹೌದು' ಎಂದೇ ಬರೆಯುತ್ತೇನೆ. ಆಫೀಸಿನಲ್ಲಿ ಇನ್ನೂ ತೀರ್ಮಾನಿಸದವರು ಬಹಳ ಜನ ಇದ್ದಾರೆ, ರಜೆ ಮುಗಿಸಿ ಹೋದ ಮೇಲೆ ಅವರ ಜೊತೆ ಕೂತು ಮಾತಾಡಬೇಕು.