ಪಿಯುಇ ಇಳಿಯಿತು, ಕರೆಂಟ್ ಬಿಲ್ಲು ಏರಿತು

ವೈಟ್‌ಫೀಲ್ಡಿನ ನಮ್ಮ ಡೇಟಾ ಸೆಂಟರಿನಲ್ಲಿ ಏಪ್ರಿಲ್ ಬಿಸಿಲಲ್ಲೂ ಸರ್ವರ್ ಹಾಲಿಗೆ ಸ್ವೆಟರ್ ಹಾಕಿಕೊಂಡೇ ಹೋಗುತ್ತಿದ್ದೆವು. ಮೇಲಿನವರಿಗೆ ಯಾವುದೋ ಮೀಟಿಂಗಿನಲ್ಲಿ ಜ್ಞಾನೋದಯವಾಯಿತು. ಆಶ್ರೇ (ಕೂಲಿಂಗ್ ಎಂಜಿನಿಯರುಗಳ ಅಮೆರಿಕದ ಸಂಸ್ಥೆ) 27 ಡಿಗ್ರಿವರೆಗೂ ನಡೆಯುತ್ತದೆ ಅನ್ನುವಾಗ ನೀವ್ಯಾಕೆ ಹಾಲನ್ನು ಊಟಿ ಮಾಡಿಟ್ಟಿದ್ದೀರಿ ಅಂತ ಕೇಳಿದರು. ಮಾತು ಸುಳ್ಳಲ್ಲ, 2008ರಿಂದಲೂ ಆಶ್ರೇ ಶಿಫಾರಸು 18ರಿಂದ 27. ಆದರೆ ಅದು ಸರ್ವರಿನ ಮುಂಭಾಗಕ್ಕೆ ಬಂದು ತಾಗುವ ಗಾಳಿಯ ಲೆಕ್ಕ. ಕೋಲ್ಡ್ ಐಲ್ (ಸರ್ವರಿನ ಮುಂದಿನ ತಂಪು ಓಣಿ) ಮುಚ್ಚದೆ, ಖಾಲಿ ಜಾಗ ಮುಚ್ಚುವ ಬ್ಲಾಂಕಿಂಗ್ ಪ್ಯಾನೆಲ್ ಹಾಕದೆ, ಒಂದೇ ಏಟಿಗೆ ಪಿಎಸಿಯ, ಅಂದರೆ ಹಾಲಿನ ದೊಡ್ಡ ಎಸಿಯ, ಸೆಟ್ ಪಾಯಿಂಟ್ (ನಿಗದಿ ಉಷ್ಣತೆ) ಏರಿಸಿದರು.

ಡ್ಯಾಶ್‌ಬೋರ್ಡಿನಲ್ಲಿ ಪಿಯುಇ ಇಳಿಯಿತು. ಪಿಯುಇ ಅಂದರೆ ಸೆಂಟರಿನ ಒಟ್ಟು ಕರೆಂಟನ್ನು ಐಟಿ (ಸರ್ವರ್ ಮುಂತಾದವುಗಳ) ಕರೆಂಟಿನಿಂದ ಭಾಗಿಸಿದ ಅಂಕಿ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ಲೆಕ್ಕ. ಸ್ಲೈಡ್ ರೆಡಿಯಾಗಿ ಹೆಡ್ ಆಫೀಸಿಗೂ ಹೋಯಿತು.

ಅದೇ ವಾರ ಮಧ್ಯಾಹ್ನದ ಶಿಫ್ಟಿನಲ್ಲಿ ಅಲಾರಂ ಹೊಡೆದುಕೊಂಡಿತು. ಕೊನೆಯ ಸಾಲಿನ ರ‍್ಯಾಕಿನಲ್ಲಿ ಮೇಲಿನ ಸರ್ವರ್‌ಗಳ ಇನ್ಲೆಟ್ (ಒಳಬರುವ ಗಾಳಿ) 33 ಡಿಗ್ರಿ. ಪಿಎಸಿ ಟ್ರಿಪ್ ಆಗಿದೆ ಅಂದುಕೊಂಡು ಅತ್ತ ಓಡಿದೆ. ಅದು ಆರಾಮಾಗಿ ಓಡುತ್ತಿತ್ತು. ಸ್ಟ್ಯಾಂಡ್‌ಬೈ ಯೂನಿಟ್ಟನ್ನೂ ಆನ್ ಮಾಡಿಸಿದೆ. ಒಂದೆರಡು ಡಿಗ್ರಿ ಇಳಿದು ಅಲ್ಲೇ ಕೂತಿತು. ಫೋನಿನಲ್ಲಿ ಕಸ್ಟಮರ್, ಪಕ್ಕದಲ್ಲಿ ಮ್ಯಾನೇಜರ್, ಹಾಲಿನಲ್ಲಿ ಫ್ಯಾನುಗಳ ಕಿರುಚಾಟಕ್ಕೆ ಯಾರ ಮಾತೂ ಕೇಳುತ್ತಿಲ್ಲ.

ಎಲೆಕ್ಟ್ರಿಷಿಯನ್ ಮಂಜಣ್ಣ ರ‍್ಯಾಕಿನ ಮುಂದೆ ನಿಂತು, "ಸಾರ್, ಇಲ್ಲಿ ಕೈ ಇಡಿ" ಅಂದರು. ಎರಡು ಸರ್ವರ್ ನಡುವಿನ ಖಾಲಿ ಜಾಗದಿಂದ ಬಿಸಿಗಾಳಿ ಮುಂದಕ್ಕೆ ನುಗ್ಗುತ್ತಿತ್ತು. ಹಾಟ್ ಐಲ್, ಅಂದರೆ ಹಿಂದಿನ ಬಿಸಿ ಓಣಿಯ ಗಾಳಿಯನ್ನೇ ಸರ್ವರ್‌ಗಳು ಮತ್ತೆ ಕುಡಿಯುತ್ತಿದ್ದವು. ಹಾಲಿನೊಳಗೆ ರಟ್ಟು ತರುವಂತಿಲ್ಲ. ಆದರೂ ಹೊರಗಿದ್ದ ಪೆಟ್ಟಿಗೆಯೊಂದನ್ನು ಕುಯ್ದು ಟೇಪಿನಲ್ಲಿ ಅಂಟಿಸಿದರು. ಮ್ಯಾನೇಜರ್ ಆ ಕಡೆ ತಿರುಗಿ ನಿಂತರು, ಅದೊಂದು ಉಪಕಾರ. ಸ್ವಲ್ಪ ಹೊತ್ತಿಗೆ ಇನ್ಲೆಟ್ ಇಳಿಯತೊಡಗಿತು.

ತಮಾಷೆ ಗೊತ್ತಾಗಿದ್ದು ಬೆಸ್ಕಾಂ ಬಿಲ್ಲು ಬಂದಾಗ. ಒಳಬರುವ ಗಾಳಿ ಬಿಸಿಯಾದಷ್ಟೂ ಸರ್ವರಿನ ಫ್ಯಾನು ಜೋರಾಗುತ್ತದೆ, ಆ ಕರೆಂಟು ಐಟಿ ಲೋಡಿನ ಲೆಕ್ಕಕ್ಕೇ ಸೇರುತ್ತದೆ. ಉದಾಹರಣೆಗೆ ಐಟಿ 400 ಕಿಲೋವ್ಯಾಟ್, ಕೂಲಿಂಗು ಮತ್ತು ಯುಪಿಎಸ್ ಸೋರಿಕೆ ಸೇರಿ 280 ಅನ್ನಿ. ಒಟ್ಟು 680, ಪಿಯುಇ 1.70. ಫ್ಯಾನು ಕಿರುಚಿ ಐಟಿ 430 ಆಗಿ, ಉಳಿದದ್ದು 270ಕ್ಕೆ ಇಳಿದರೆ ಒಟ್ಟು 700. ಪಿಯುಇ ಮಾತ್ರ 1.63! ಜಾಸ್ತಿ ಉರಿಸಿದ್ದಕ್ಕೆ ಶಹಭಾಸ್‌ಗಿರಿ.

ಸೆಟ್ ಪಾಯಿಂಟ್ ಏರಿಸುವುದು ತಪ್ಪಲ್ಲ, ಅದು ಕೊನೆಯ ಕೆಲಸ. ಮೊದಲು ತೂತು ಮುಚ್ಚಬೇಕು. ಖಾಲಿ ಜಾಗಕ್ಕೆ ಪ್ಯಾನೆಲ್, ನೆಲದ ಕೇಬಲ್ ಕಟೌಟಿಗೆ ಗಾಳಿ ತಡೆಯುವ ಬ್ರಷ್, ಹಾಟ್ ಐಲಿನಲ್ಲಿ ಯಾರೋ ಹಾಕಿಟ್ಟ, ನೆಲದಡಿಯ ತಂಪು ಗಾಳಿ ಬಿಡುವ ತೂತಿನ ಟೈಲ್ ವಾಪಸ್ ಕೋಲ್ಡ್ ಐಲಿಗೆ. ಗಾಳಿ ಪೋಲಾಗದಿದ್ದರೆ ಪಿಎಸಿ ಫ್ಯಾನು ನಿಧಾನ ಮಾಡಬಹುದು, ನಿಜವಾದ ಉಳಿತಾಯ ಅಲ್ಲಿದೆ. ವೇಗ 80% ಆದರೆ ಫ್ಯಾನಿನ ಕರೆಂಟು ಹೆಚ್ಚುಕಡಿಮೆ ಅರ್ಧ. ಆಮೇಲೆ ಇನ್ಲೆಟ್ ನೋಡಿಕೊಂಡು ಡಿಗ್ರಿ ಡಿಗ್ರಿಯಾಗಿ ಏರಿಸಿ, ಸರ್ವರ್ ಫ್ಯಾನು ದನಿ ಎತ್ತುವ ಮೊದಲು ನಿಲ್ಲಿಸಿ. ನಮ್ಮಲ್ಲಿ ಅದು 24ರ ಹತ್ತಿರ ನಿಂತಿತು.

ಪ್ಲಾಸ್ಟಿಕ್ ಪ್ಯಾನೆಲ್ಲಿನ ಇಂಡೆಂಟು ಪರ್ಚೇಸ್‌ನವರ ಮೇಜಿನ ಮೇಲೆ ಎಷ್ಟು ದಿನ ಕೊಳೆಯಿತು ಅಂತ ಕೇಳಬೇಡಿ. ಈಗ ವಾರದ ರಿಪೋರ್ಟಿನಲ್ಲಿ ಪಿಯುಇ ಪಕ್ಕದಲ್ಲೇ ಒಟ್ಟು ಕಿಲೋವ್ಯಾಟ್ ಬರೆಯುತ್ತೇವೆ. ಸ್ಲೈಡಿಗೆ ಹೋಗುವುದು ಇವತ್ತಿಗೂ ಪಿಯುಇ ಒಂದೇ.